ಎರಡನೆಯ ಎದೆಬಡಿತ

ಹೆರಿಗೆ ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಅಲ್ಲೇ ದುಡಿದವರು. ಹೊಟ್ಟೆಯಲ್ಲಿ ಅವಳಿಗಳಿದ್ದ ನನಗೆ ಎಂಟನೇ ತಿಂಗಳಲ್ಲಿ ರಕ್ತದೊತ್ತಡ ಏರಿದಾಗ, ಡಾಕ್ಟರು ಅವರ ವಾರ್ಡಿಗೇ ಸೇರಿಸಿದರು.

"ನಮ್ಮ ವಂಶದಲ್ಲಿ ಅವಳಿಗಳೇ ಇಲ್ಲ," ಎಂದರು ಅತ್ತೆ.

"ಒಂದೇ ಅಂಡ ಒಡೆದು ಎರಡಾಗೋಕೆ ವಂಶ ಬೇಕಿಲ್ಲಮ್ಮ," ಎಂದು ದೊಡ್ಡಕ್ಕ ನಕ್ಕರು. "ಎರಡು ಅಂಡ ಬಿಡುಗಡೆಯಾಗೋ ಗುಣ ಆದ್ರೆ ಹೆಣ್ಣಿನ ತವರಿಂದ ಬರಬಹುದು. ಹೇಗೂ ಇದರ ಹೆಸರು ನಿಮ್ಮ ಮಗನಿಗೆ ಬರಲ್ಲ ಬಿಡಿ!"

ಮರುದಿನ ಬೆಳಿಗ್ಗೆ ಪಾಳಿಯ ನರ್ಸ್ ನನ್ನ ಹೊಟ್ಟೆಯ ಮೇಲೆ ಯಂತ್ರವಿಟ್ಟು ಮಕ್ಕಳ ಎದೆಬಡಿತ ಎಣಿಸಿದಳು. ಎಡಕ್ಕೆ ನೂರ ನಲವತ್ತೆರಡು, ಬಲಕ್ಕೂ ಅಷ್ಟೇ. ಬರೆಯಲು ಹೊರಟವಳನ್ನು ದೊಡ್ಡಕ್ಕ ತಡೆದರು.

"ತಾಳಮ್ಮ, ಒಂದೇ ಮಗುವನ್ನ ಎರಡು ಸಲ ಕೇಳಿದ್ದೀಯೇನೋ. ಇನ್ನೊಂದು ಯಂತ್ರ ತಗೊಂಡು ಬಾ."

ಎಡಕ್ಕೊಂದು ಬಲಕ್ಕೊಂದು ಯಂತ್ರವಿಟ್ಟು ಇಬ್ಬರೂ ಒಟ್ಟಿಗೆ ಕೇಳುತ್ತ, ಒಂದೊಂದು ಬಡಿತಕ್ಕೂ ಮಂಚದ ಕಂಬಿಯ ಮೇಲೆ ಬೆರಳು ತಟ್ಟಿದರು. ಬೆರಳುಗಳು ಒಟ್ಟಿಗೇ ಬೀಳುತ್ತಿದ್ದವು: ಅದು ಒಂದೇ ಮಗು! ದೊಡ್ಡಕ್ಕ ತಮ್ಮ ಯಂತ್ರವನ್ನು ಗೇಣುದ್ದ ಕೆಳಗೆ ಸರಿಸಿ, ಒತ್ತಿ ಹುಡುಕಿದರು. ಇನ್ನೊಂದು ಬಡಿತ ಸಿಕ್ಕಿತು; ಅವರ ಬೆರಳಿನ ತಾಳ ನಿಧಾನವಾಯಿತು.

"ತೊಂಬತ್ತೇ ಇದೆ, ಏರ್ತಾ ಇಲ್ಲ. ಡಾಕ್ಟರನ್ನ ಕರಿ, ಓಡು!"

ಅರ್ಧ ಗಂಟೆಯೊಳಗೆ ಆಪರೇಷನ್ ಆಯಿತು. ಇಬ್ಬರು ಹೆಣ್ಣುಮಕ್ಕಳೂ ಅತ್ತರು. ಚಿಕ್ಕವಳು ಸ್ವಲ್ಪ ತಡವಾಗಿ.

ಇಂದು ಅವಳ ತೂಕ ಮೂರು ಕಿಲೋ ದಾಟಿತು. ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆಲ್ಲ ಅತ್ತೆ ಅವಳನ್ನು ಎತ್ತಿ ತೋರಿಸಿದರು: "ನೋಡಿ, ನಮ್ಮ ದೊಡ್ಡಕ್ಕ ಹುಡುಕಿ ಕೊಟ್ಟ ಮೊಮ್ಮಗಳು!"