ಸ್ವೆಟರ್ ಬಿಚ್ಚಿಸದ ಡಾಕ್ಟರು

ಜನಸೇವೆಗೆಂದು ಡಾಕ್ಟರಾದೆ ಅಂತ ನಾನು ಎಲ್ಲಾದರೂ ಹೇಳಿದ್ದರೆ ಅದು ಸುಳ್ಳು. ಸೇಡಿಗೆಂದು ಆದೆ. ಊಟಿಯಲ್ಲಿ ಬೊಜ್ಜಿನ ಕಾಯಿಲೆಗೆಂದೇ ಕ್ಲಿನಿಕ್ ಇಟ್ಟುಕೊಂಡು ವರ್ಷಗಳಾದವು. ಆಗಾಗ ಯಾರಾದರೂ ಸನ್ಮಾನ ಮಾಡಿ, ಶಾಲು ಹೊದಿಸಿ, "ಇದನ್ನೇ ಯಾಕೆ ಓದಿದ್ರಿ ಮೇಡಂ?" ಎಂದು ಕೇಳುತ್ತಾರೆ. ಏನೋ ಒಂದು ಚಂದದ ಮಾತು ಹೇಳಿ ಬಂದುಬಿಡುತ್ತೇನೆ. ಶಾಲು ಕಂಡರೇ ನನಗಾಗುವುದಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ. ನಮ್ಮವ್ವನನ್ನು ಕೊಂದದ್ದರಲ್ಲಿ ಶಾಲು, ಸ್ವೆಟರ್‌ಗಳ ಪಾಲೂ ಇದೆ. ದೊಡ್ಡ ಪಾಲು ಇನ್ನೊಬ್ಬರದು.

ನಮ್ಮದು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದ ಮನೆತನ. ಊಟಿ ಹತ್ತಿರದ ಇತ್ತಲಾರಿನಲ್ಲಿ ಕ್ಯಾರೆಟ್, ಆಲೂಗಡ್ಡೆ, ಕೋಸು ಬೆಳೆಯುತ್ತಿದ್ದೆವು. ಸುತ್ತ ನೀಲಗಿರಿಯ ಬಡಗ ಜನರ ಹಟ್ಟಿಗಳು, ಅವರ ಟೀ ತೋಟಗಳು. ಅವ್ವ ಮೊದಲಿಂದಲೂ ದಪ್ಪ. ಅದರ ಬಗ್ಗೆ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. "ನಾನು ಹಸಿ ಮಣ್ಣಲ್ಲಿ ಬೆಳ್ದ ಕೋಸು ಕನವ್ವಾ, ಒಣಗಿದ್ ಹುಳ್ಳಿಕಾಯಾ?" ಎನ್ನುತ್ತಿದ್ದಳು. ಕ್ಯಾರೆಟ್ ಮೂಟೆಯನ್ನು ಗಂಡಸರ ಸಮಕ್ಕೆ ಹೊತ್ತು ದಿಣ್ಣೆ ಹತ್ತುತ್ತಿದ್ದಳು. ನಾನೂ ಅವಳ ಮೈಕಟ್ಟಿನವಳೇ. ಈಗಲೂ ಹಾಗೇ ಇದ್ದೇನೆ. ಬೊಜ್ಜಿನ ಡಾಕ್ಟರಿಗೇ ಬೊಜ್ಜು ಎಂದು ಬೆನ್ನ ಹಿಂದೆ ನಗುವವರು ನಗಲಿ.

ನಾನು ಹನ್ನೆರಡನೇ ಕ್ಲಾಸಿನಲ್ಲಿದ್ದಾಗ ಅವ್ವನಿಗೆ ಹೊಟ್ಟೆ ಭಾರ ಎನ್ನಿಸತೊಡಗಿತು. ಕುಂದಾ ಕಡೆಯ ಒಂದು ಸಣ್ಣ ಬಜಾರಿನಲ್ಲಿ ಒಬ್ಬ ಡಾಕ್ಟರಿದ್ದರು. ಅವರೂ ಮೈಸೂರು ಕಡೆಯವರು, ಕನ್ನಡ ಮಾತಾಡುವವರು. ಅದಕ್ಕೇ ಅವ್ವ ಹುಡುಕಿಕೊಂಡು ಅವರ ಹತ್ತಿರ ಹೋದಳು. ತನ್ನ ಮೈಯ ಸಂಗತಿಯನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಬಹುದಲ್ಲ ಎಂಬ ಆಸೆ. ಜೊತೆಗೆ ನಾನು ಹೋಗಿದ್ದೆ.

ನಮ್ಮ ಬೆಟ್ಟದ ಚಳಿಯಲ್ಲಿ ಒಬ್ಬರ ಮೈ ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಸೀರೆಯ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ಶಾಲು, ತಲೆಗೊಂದು ಮಫ್ಲರ್. ಡಾಕ್ಟರ ಹತ್ತಿರ ಹೋದಾಗಲೂ ಅಷ್ಟೇ. ಬಿಚ್ಚಿ ಎನ್ನಲು ಅವರಿಗೆ ಬೇಸರ, ಬಿಚ್ಚಲು ನಮಗೆ ನಾಚಿಕೆ ಮತ್ತು ಚಳಿ. ಹೀಗೆ ಇಡೀ ಬೆಟ್ಟಕ್ಕೆ ಉಣ್ಣೆಯ ಮೇಲಿಂದಲೇ ವೈದ್ಯ ನಡೆಯುತ್ತಿತ್ತು. ಈ ಡಾಕ್ಟರೂ ಶಾಲಿನ ಮೇಲೇ ಸ್ಟೆತಸ್ಕೋಪ್ ಇಟ್ಟರು. ಶಾಲು, ಸ್ವೆಟರ್, ಚಪ್ಪಲಿಯ ಸಮೇತ ತೂಕದ ಮೆಷಿನ್ನಿನ ಮೇಲೆ ನಿಲ್ಲಿಸಿದರು. ಮುಳ್ಳು ನೋಡಿ ಸಿಳ್ಳೆ ಹಾಕಿದರು.

"ಏನಮ್ಮಾ, ನಿಮ್ಮ ಕಾಯಿಲೆಗೆ ಒಂದೇ ಹೆಸರು. ಬಾಯಿ!"

ಬಾಗಿಲಿಗೆ ಬರೀ ಪರದೆ. ಹೊರಗೆ ಬೆಂಚಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಕನ್ನಡ ಬಾರದವರೂ ನಕ್ಕರು. ಅವ್ವನೂ ನಕ್ಕಳು. ತನ್ನ ದಪ್ಪದ ಬಗ್ಗೆ ಸಾವಿರ ತಮಾಷೆ ಮಾಡುತ್ತಿದ್ದ ಅವ್ವ ಹಾಗೆ ಹಲ್ಲು ಮಾತ್ರ ಬಿಟ್ಟು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಡಾಕ್ಟ್ರೇ, ಒಳಗೆ ಕಲ್ಲಿಟ್ಟಂಗೆ ಆಯ್ತದೆ" ಎಂದಳು. "ಗ್ಯಾಸು. ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ" ಎಂದರು.

ಅವ್ವ ಹೇಳಿದ ಮಾತು ಮೀರುವವಳಲ್ಲ. ಅನ್ನ ಬಿಟ್ಟಳು. ಮುದ್ದೆ ಅರ್ಧವಾಯಿತು, ಆಮೇಲೆ ಕಾಲಾಯಿತು. ಕ್ಯಾರೆಟ್ ಕೀಳುವಾಗ ಬಾಯಿಗೆ ಹಾಕಿಕೊಳ್ಳುತ್ತಿದ್ದ ಒಂದು ತುಂಡನ್ನೂ ಬಿಟ್ಟಳು. ಕೆನ್ನೆ ಒಳಗೆ ಹೋಯಿತು, ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹೊಟ್ಟೆ ಮಾತ್ರ ಸ್ವೆಟರಿನ ಒಳಗೆ ತನ್ನ ಪಾಡಿಗೆ ಬೆಳೆಯುತ್ತಿತ್ತು. ಮತ್ತೆ ಹೋದಾಗ ಡಾಕ್ಟರು ಮುಳ್ಳು ನೋಡಿ ಬೆನ್ನು ತಟ್ಟಿದರು. "ಭೇಷ್! ಹೀಗೇ ಮುಂದುವರಿಸಿ." ಊರಿನಲ್ಲೂ ಹೊಗಳುವವರೇ. ಬಸ್ಸಿನಲ್ಲಿ ಪಕ್ಕ ಕೂತವರು ಏನು ತಿಂದು ಇಳಿಸಿದೆ ಎಂದು ಕೇಳುತ್ತಿದ್ದರು. ನನ್ನ ತಾಯಿ ಸಾಯುತ್ತಿದ್ದಳು, ಬೆಟ್ಟವೆಲ್ಲ ಅವಳಿಗೆ ಶಹಭಾಸ್ ಹೇಳುತ್ತಿತ್ತು.

ಒಂದು ದಿನ ಹೊಲದಲ್ಲೇ ಕುಸಿದಳು. ಅಪ್ಪ ಜೀಪು ಮಾಡಿಸಿ ಕೊಯಮತ್ತೂರಿಗೆ ಕರೆದುಕೊಂಡು ಹೋದರು. ಅಲ್ಲಿ ಸೆಕೆ. ನರ್ಸ್ ಬಂದು ಸ್ವೆಟರ್ ತೆಗೆಸಿದಳು. ಮೀಸೆ ಕೂಡ ಸರಿಯಾಗಿ ಬಾರದ ಒಬ್ಬ ಹೊಸ ಡಾಕ್ಟರ್ ಅವ್ವನನ್ನು ಮಲಗಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಇಟ್ಟ ಕೈ ಹಾಗೇ ನಿಂತಿತು. ಅವನ ಮುಖ ನೋಡಿಯೇ ನನಗೆ ತಿಳಿಯಿತು. ಅಂಡಾಶಯದಲ್ಲಿ ಕ್ಯಾನ್ಸರ್ ಗಡ್ಡೆ. ಮೊದಲೇ ಬಂದಿದ್ದರೆ ತೆಗೆಯಬಹುದಿತ್ತು ಎಂದರು. ನಾವು ಮೊದಲೇ ಹೋಗಿದ್ದೆವು. ಹೋದಲ್ಲಿ ಒಬ್ಬರು ಕೈ ಚಾಚಿರಲಿಲ್ಲ, ಅಷ್ಟೇ.

ಆ ಸಂಜೆ ಅವ್ವ ನನ್ನ ಕಿವಿಯಲ್ಲಿ ಹೇಳಿದ್ದು ಕಾಯಿಲೆಯ ಮಾತಲ್ಲ. "ಆ ಹೈದ ಹೊಟ್ಟೆ ಮುಟ್ಟಿ ನೋಡ್ದ ಕನವ್ವಾ" ಎಂದಳು, ಯಾರೋ ಉಡುಗೊರೆ ಕೊಟ್ಟ ಹಾಗೆ.

ಮಣ್ಣು ಮಾಡುವ ದಿನ ಪಕ್ಕದ ಹಟ್ಟಿಯ ಬಡಗರೆಲ್ಲ ಬಂದಿದ್ದರು. ಅವರಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಸತ್ತರೆ ಹಟ್ಟಿಯ ಹಿರಿಯರೊಬ್ಬರು ಹೆಣದ ತಲೆದೆಸೆಯಲ್ಲಿ ನಿಂತು ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಹಾವು ಕೊಂದದ್ದು, ಹಲ್ಲಿ ಕೊಂದದ್ದು, ಎಲ್ಲೆಯ ಕಲ್ಲು ಸರಿಸಿದ್ದು, ಹಸಿದು ಬಂದವರನ್ನು ಕಳಿಸಿದ್ದು. ಸತ್ತವರು ಅದನ್ನೆಲ್ಲ ಮಾಡಿದ್ದಾರೋ ಇಲ್ಲವೋ, ಹೇಳುವುದು ಹೇಳಬೇಕು. ಪ್ರತಿ ಮಾತಿಗೂ ಸುತ್ತ ನಿಂತವರು ಪಾಪ, ಪಾಪ ಎನ್ನುತ್ತಾರೆ. ಕೊನೆಗೆ ಎಲ್ಲವೂ ಕಳೆಯಿತು ಎನ್ನುತ್ತಾರೆ. ಸತ್ತವರು ಹಗುರಾಗಿ ಹೋಗುತ್ತಾರೆ. ಚಿಕ್ಕಂದಿನಲ್ಲಿ ನಾನೂ ಆ ಗುಂಪಿನಲ್ಲಿ ನಿಂತು ಪಾಪ ಎಂದವಳೇ.

ನಮ್ಮಲ್ಲಿ ಆ ಕ್ರಮವಿಲ್ಲ. ಮೂರು ಹಿಡಿ ಮಣ್ಣು ಹಾಕಿ ಮುಗಿಸಿದೆವು. ಹಟ್ಟಿಯ ಮುದುಕಿಯೊಬ್ಬಳು, ಅವ್ವನ ಗೆಳತಿ, ನನ್ನ ಕೈ ಹಿಡಿದು ತನ್ನ ಬಡಗ ಮಾತಿನಲ್ಲಿ ನಿಜವಾದ ಗಾಬರಿಯಿಂದಲೇ ಕೇಳಿದಳು, ನಿಮ್ಮವರು ಯಾರೂ ಪಾಪ ಹೇಳುವುದಿಲ್ಲವಾ, ಹಾಗಾದರೆ ಅದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು. ಅವ್ವನ ಪಾಪ ಏನಿತ್ತು ಮಹಾ, ಒಂದು ಮುದ್ದೆ ಹೆಚ್ಚು ಉಂಡದ್ದು. ಹೇಳಬೇಕಾದ ಪಾಪ ಬೇರೆಯವರದಿತ್ತು. ಅದು ಎಲ್ಲಿಗೂ ಹೋಗಲಿಲ್ಲ, ನನ್ನಲ್ಲೇ ಉಳಿಯಿತು.

ಆ ಕೆಂಡವನ್ನು ಮಡಿಲಲ್ಲಿ ಕಟ್ಟಿಕೊಂಡೇ ಮೈಸೂರಿನಲ್ಲಿ ಎಂಬಿಬಿಎಸ್ ಓದಿದೆ, ಎಂಡಿ ಮಾಡಿದೆ. ಬೊಜ್ಜಿನ ವೈದ್ಯ ಕಲಿಯಲು ಹೊರಟಾಗ ಜೊತೆಯವರು ಗೇಲಿ ಮಾಡಿದರು. ಹಾರ್ಟ್ ಬಿಟ್ಟು, ಕಿಡ್ನಿ ಬಿಟ್ಟು ಡಯಟ್ ಚೀಟಿ ಬರೆಯೋಕೆ ಹೋಗ್ತೀಯಾ ಎಂದರು. ಗುಡ್ಡ ಹತ್ತಿಳಿದೇ ಬೊಜ್ಜು ಕರಗುವ ಊಟಿಯಲ್ಲಿ ನಿನ್ನ ಹತ್ತಿರ ಯಾರು ಬರ್ತಾರೆ ಎಂದರು. ಬಂದರು. ಜಲವಿದ್ಯುತ್ ನೌಕರರ ಕಾಲೊನಿಗಳಿಂದ ಬಂದರು, ಗೂಡಲೂರಿನಿಂದ ಘಾಟಿ ಹತ್ತಿ ಬಂದರು. ಟೀಗೆ ವರ್ಕಿ ಬಿಸ್ಕತ್ತು ಅದ್ದಿಕೊಂಡು ತಿನ್ನುವುದನ್ನು ಬಿಡಲಾರದವರು ಬಂದರು. ಏನೂ ತಿನ್ನದೆ ದಪ್ಪವಾಗುತ್ತಿದ್ದವರೂ ಬಂದರು. ಎಲ್ಲ ಕಡೆ ಬೈಸಿಕೊಂಡೇ ಬಂದವರು. ತಲೆನೋವಿಗೆ ಹೋದರೆ ತೂಕ ಇಳಿಸಿ, ಮುಟ್ಟು ನಿಂತರೆ ತೂಕ ಇಳಿಸಿ, ಬಸ್ಸಿನಿಂದ ಬಿದ್ದು ಕೈ ಮುರಿದರೂ ತೂಕ ಇಳಿಸಿ.

ಕ್ಲಿನಿಕ್ಕಿಗೆ ನಾನು ಮೊದಲು ತಂದದ್ದು ತೂಕದ ಮೆಷಿನ್ ಅಲ್ಲ, ರೂಮ್ ಹೀಟರ್. ಕೋಣೆ ಬೆಚ್ಚಗಿರಬೇಕು, ಬಂದವರು ಸ್ವೆಟರ್ ತೆಗೆಯಬೇಕು, ಮಲಗಬೇಕು, ನಾನು ಹೊಟ್ಟೆಯ ಮೇಲೆ ಕೈ ಇಡಬೇಕು. ತೂಕ ಕೊನೆಗೆ, ಬಾಗಿಲು ಮುಚ್ಚಿದ ಮೇಲೆ. ಪರದೆ ಎಂಬ ವಸ್ತು ನನ್ನ ಕ್ಲಿನಿಕ್ಕಿನಲ್ಲಿಲ್ಲ. ಬೇರೆ ಡಾಕ್ಟರು ಮುಟ್ಟದೆ ಸಾಗಹಾಕಿದ ರೋಗಿ ಬಂದರೆ, ರೋಗಿ ಒಪ್ಪಿದರೆ, ಅವರೆದುರಿಗೇ ಆ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕುತ್ತೇನೆ. "ಸರ್, ಹೊಟ್ಟೆ ಮುಟ್ಟಿ ನೋಡಿದ್ರಾ?" ಆ ಕಡೆಯ ತಡವರಿಕೆ ಕೇಳುವಾಗ ನನಗಾಗುವ ಸುಖ ಇನ್ನಾವುದರಲ್ಲೂ ಆಗಿಲ್ಲ. ಊಟಿಯ ವೈದ್ಯರ ಮದುವೆ ಮುಂಜಿಗಳಿಗೆ ನನಗೆ ಕರೆ ಬರುವುದು ಕಡಿಮೆ.

ಆದರೆ ಇವೆಲ್ಲ ಚಿಲ್ಲರೆ ಸೇಡು. ಕಾದಿದ್ದದ್ದು ಒಬ್ಬರಿಗೆ. ಪ್ರಾಕ್ಟೀಸ್ ಬಿಟ್ಟು ಊಟಿಯಲ್ಲೇ ಮಗಳ ಮನೆಯಲ್ಲಿದ್ದಾರೆ ಎಂದು ತಿಳಿದಿತ್ತು. ಬಂದರೆ ಏನನ್ನಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಅವರದೇ ಮಾತು, ಅವರದೇ ಧಾಟಿ. ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ.

ಬಂದರು. ಮಗಳು ತೋಳು ಹಿಡಿದು ನಡೆಸಿಕೊಂಡು ಬಂದಳು. ಭಾರಿ ಮೈ, ಏದುಸಿರು, ಸ್ವೆಟರ್, ಕೋಟು, ಮಫ್ಲರ್. ನನ್ನ ಗುರುತು ಹತ್ತಲಿಲ್ಲ, ಹತ್ತುವ ಕಾರಣವೂ ಇರಲಿಲ್ಲ. ಮಗಳನ್ನು ಹೊರಗೆ ಕೂರಿಸಿದೆ. ಅವರು ದೂರು ಶುರುಮಾಡಿದರು. ಮಂಡಿನೋವಿಗೆಂದು ಹೋದರೆ ತೂಕ ಇಳಿಸಿ ಬನ್ನಿ ಎಂದರಂತೆ. ಉಸಿರು ಕಟ್ಟುತ್ತದೆ ಎಂದರೂ ಅದೇ ಮಾತಂತೆ. ಮಗಳು ಗಂಜಿ ಬಿಟ್ಟು ಬೇರೆ ಕೊಡುತ್ತಿಲ್ಲವಂತೆ. ಆದರೂ ತೂಕ ಏರುತ್ತಲೇ ಇದೆಯಂತೆ. "ನಾನೂ ಡಾಕ್ಟರೇ ಅಲ್ವಾ? ಯಾರಾದ್ರೂ ಒಬ್ಬರು ಮುಟ್ಟಿಯಾದ್ರೂ ನೋಡ್ಬೇಡ್ವಾ ಡಾಕ್ಟ್ರೇ?" ಎಂದರು.

ಅಭ್ಯಾಸ ಮಾಡಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ.

"ಸ್ವೆಟರ್ ತೆಗೀರಿ" ಎಂದೆ.

ಕರುಣೆಯಲ್ಲ, ಹಾಗೆ ತಿಳಿಯಬೇಡಿ. ಅವರ ಮಾತನ್ನು ಅವರಿಗೇ ಹೇಳಿ ಕಳಿಸಿದ್ದರೆ ಅವರ ಹಾಗೆ ಇನ್ನೊಬ್ಬರು ಹುಟ್ಟುತ್ತಿದ್ದರು, ಅದೂ ನನ್ನ ಕುರ್ಚಿಯಲ್ಲಿ. ಆ ಗೆಲುವನ್ನು ನಾನು ಅವರಿಗೆ ಕೊಡಲಾರೆ. ಹೀಟರ್ ಹಾಕಿದೆ. ಪೂರ್ತಿ ಮಲಗಲು ಉಸಿರು ಕಟ್ಟುತ್ತಿತ್ತು, ದಿಂಬಿಗೆ ಒರಗಿಸಿದೆ. ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯಿತು. ಕತ್ತಿನ ನರ ಉಬ್ಬಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟೆ, ಬಲಗಡೆ ಲಿವರ್ ಊದಿತ್ತು. ಏರುತ್ತಿದ್ದದ್ದು ಕೊಬ್ಬಲ್ಲ, ನೀರು. ಹೃದಯ ಸೋಲುತ್ತಿತ್ತು. ಹಾಗೆಂದು ಹೇಳಿದೆ, ಔಷಧಿಯಿದೆ ಎಂದೂ ಹೇಳಿದೆ. ಮುದುಕ ಅತ್ತರು. ಅವರ ಉಸಿರು ಒಂದಿಷ್ಟು ತಹಬಂದಿಗೆ ಬರುವವರೆಗೆ ಕಾದೆ.

ಕೈ ತೆಗೆಯಲಿಲ್ಲ. ತಲೆದೆಸೆಗೆ ಸರಿದು ನಿಂತು ಶುರುಮಾಡಿದೆ.

"ಇತ್ತಲಾರಿನಿಂದ ಒಬ್ಬಳು ಹೆಂಗಸು ನಿಮ್ಮ ಹತ್ತಿರ ಬರ್ತಿದ್ದಳು. ಹೊಟ್ಟೇಲಿ ಕಲ್ಲಿಟ್ಟ ಹಾಗಿದೆ ಅಂದಳು. ನೀವು ಮುಟ್ಟಲಿಲ್ಲ, ಅದು ಪಾಪ. ಕಾಯಿಲೆ ಹೆಸರು ಬಾಯಿ ಅಂದ್ರಿ, ಹೊರಗಿನವರನ್ನೆಲ್ಲ ನಗಿಸಿದ್ರಿ. ಅದು ಪಾಪ. ಕ್ಯಾನ್ಸರ್ ಅವಳನ್ನ ತಿಂತಿತ್ತು, ನೀವು ಭೇಷ್ ಅಂದ್ರಿ. ಅದು ಪಾಪ."

ಅಷ್ಟು ವರ್ಷ ಕುಂದಾ ಕಡೆ ಇದ್ದು ಬಡಗರ ಸಾವು ಕಂಡವರು. ನಾನು ಏನು ಮಾಡುತ್ತಿದ್ದೇನೆಂದು ಅವರಿಗೆ ತಕ್ಷಣ ತಿಳಿಯಿತು. "ನನಗೆ ನೆನಪಿಲ್ಲಮ್ಮಾ" ಎಂದರು.

"ಅದೂ ಪಾಪ" ಎಂದೆ. "ನಾನು ಅವಳ ಮಗಳು."

ಕಣ್ಣು ಮುಚ್ಚಿದರು. ತುಟಿ ಅಲುಗಿತು. ಪಾಪ ಎಂದರೋ, ಕ್ಷಮಿಸು ಎಂದರೋ, ನಾನು ಮತ್ತೆ ಕೇಳಲಿಲ್ಲ. ಬೇರೆ ಡಾಕ್ಟರ ಹತ್ತಿರ ಹೋಗುವುದಾದರೆ ಎಲ್ಲ ರಿಪೋರ್ಟ್ ಕೊಡುತ್ತೇನೆ ಎಂದೆ. ಹೋಗಲಿಲ್ಲ. ಮುಟ್ಟಿ ನೋಡುವ ಡಾಕ್ಟರು ಅವರಿಗೆ ಬೇರೆ ಸಿಕ್ಕಿರಲಿಲ್ಲ. ಎಕೋ ಮಾಡಿಸಿದೆ, ಮಾತ್ರೆ ಬರೆದೆ, ಉಪ್ಪು ಬಿಡಿಸಿದೆ. ನೀರು ಇಳಿಯಿತು. ಈಗ ಪ್ರತಿ ತಿಂಗಳು ಬರುತ್ತಾರೆ, ನನ್ನ ಕೋಣೆಗೆ ಒಬ್ಬರೇ ನಡೆದು ಬರುತ್ತಾರೆ. ಪ್ರತಿ ತಿಂಗಳೂ ಸ್ವೆಟರ್ ತೆಗೆದು ಒರಗುತ್ತಾರೆ. ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಮೊದಲಿಂದ ಹೇಳುತ್ತೇನೆ, ಅವರು ಪಾಪ ಎನ್ನುತ್ತಾರೆ. ಕಳೆಯಿತು ಎಂಬ ಕೊನೆಯ ಮಾತನ್ನು ಮಾತ್ರ ನಾನು ಹೇಳಿಲ್ಲ. ಹೊರಗೆ ಕೂತ ಮಗಳಿಗೆ ನಾನು ದೇವರು. ಅಪ್ಪನನ್ನು ಇಷ್ಟು ಮುತುವರ್ಜಿಯಿಂದ ಯಾರೂ ನೋಡಿಲ್ಲ ಎಂದು ಕಂಡ ಕಂಡವರಿಗೆ ಹೇಳುತ್ತಾಳೆ. ಅದು ನಿಜವೂ ಹೌದು.

ಹೋದ ತಿಂಗಳು ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಕೊನೇ ಮಾತೂ ಹೇಳಿಬಿಡಮ್ಮಾ. ಮುಗೀಲಿ. ಹಟ್ಟಿಯೋರು ಹೇಳ್ತಾರಲ್ಲ."

"ಅವರು ಹೇಳೋದು ಸತ್ತವರಿಗೆ ಸರ್" ಎಂದೆ. ಬಿಪಿ ನೋಡಿದೆ, ಚೆನ್ನಾಗಿತ್ತು. ಎದೆಗೆ ಕಿವಿಗೊಟ್ಟೆ, ಶ್ವಾಸಕೋಶ ತಿಳಿಯಾಗಿತ್ತು. "ನೀವು ಅಷ್ಟು ಬೇಗ ಸಾಯೋ ಹಾಗಿಲ್ಲ. ನಾನು ಬಿಡೋದೂ ಇಲ್ಲ. ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ."

ಆಮೇಲೆ ನಾನೇ ಅವರ ಸ್ವೆಟರಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿ ಕಳಿಸಿದೆ. ಹೊರಗೆ ಚಳಿಯಿತ್ತು.