ಭೀಮರಾಜನ ಮುಷ್ಟಿಯಲ್ಲಿ ಬೀಗದ ಕೈ

ಜಾಲಹಳ್ಳಿ ಕಡೆಯ ಸಿಂಗಾಪುರದ ಹಳೇ ಊರೊಳಗೆ ಭೀಮರಾಜನ ಕ್ಷೌರದಂಗಡಿ. ಅವನ ಕತ್ತಿಗೆ ಗಂಟಲೊಡ್ಡಿ ಗೊರಕೆ ಹೊಡೆಯುವವರಿದ್ದರು. ಆ ನಂಬಿಕೆಯೇ ಅವನ ಆಸ್ತಿ.

ಒಂದು ಬೆಳಗ್ಗೆ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದವನು ಕುಸಿದುಬಿದ್ದ. ಕೈಕಾಲು ಅದುರಿದವು. ಫಿಟ್ಸ್ ಎಂದು ಎಲ್ಲರೂ ಸೇರಿ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕಿದರು. ಮೂರ್ಛೆ ಬಂದವನಿಗೆ ಕಬ್ಬಿಣ ಹಿಡಿಸಬೇಕೆಂದು ಎಲ್ಲರಿಗೂ ಗೊತ್ತು, ನಾಡಿ ಹಿಡಿದು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವನು ಎದ್ದು ಕೂತಾಗ ಬೀಗದ ಕೈಗೇ ಹೆಸರು ಬಂತು.

ಕ್ಲಿನಿಕ್ಕಿನ ಡಾಕ್ಟರೂ ಅಷ್ಟೇ. ಇಸಿಜಿ ಇಲ್ಲ ಏನಿಲ್ಲ, ಫಿಟ್ಸ್ ಮಾತ್ರೆ ಬರೆದ. ಮತ್ತೆ ಬಿದ್ದಾಗ ಡೋಸ್ ಏರಿಸಿದ. ಮಾತ್ರೆ ಮಿದುಳನ್ನು ಮಂಕು ಮಾಡಿತು. ನಾಲಿಗೆ ತೊದಲಿತು, ನಡಿಗೆ ಓಲಾಡಿತು, ಕತ್ತಿ ಹಿಡಿದ ಕೈ ನಡುಗಿತು.

"ಏನ್ ಗುರು, ಬೆಳ್‌ಬೆಳಗ್ಗೇನೇ ಏರಿಸ್ಕೊಂಡಿದೀಯಾ?" ಎಂದು ಹಲ್ಲು ಕಿರಿದವರು ಮುಂದಿನ ಬೀದಿಯ ಸಲೂನಿಗೆ ಹೋದರು. ಹೆಂಡ ಮುಟ್ಟದವನು ಮನೆಗೆ ಬಂದು, "ನೀನೇ ಮೂಸಿ ನೋಡು" ಎಂದು ಹೆಂಡತಿ ರಮಾಳ ಮುಂದೆ ಬಾಯಿ ತೆರೆದ. ಅವಳಿಗೆ ಊರಿನ ಮೇಲೆ ಹೇಸಿಗೆ ಹುಟ್ಟಿದ್ದು ಅಂದೇ.

ಅವಳೇ ಹೆಬ್ಬಾಳದ ಕಡೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದಳು.

"ಇದು ಫಿಟ್ಸ್ ಅಲ್ಲಮ್ಮ, ಹಾರ್ಟ್ ಬ್ಲಾಕ್," ಎಂದರು ಅಲ್ಲಿನ ಡಾಕ್ಟರ್. "ಹೃದಯಕ್ಕೆ ಬಡಿ ಅಂತ ಹೇಳೋ ಕರೆಂಟು ನಡುವೆ ನಿಂತ್ಹೋಗುತ್ತೆ. ಮಿದುಳಿಗೆ ರಕ್ತ ಸಿಗಲ್ಲ, ಅದಕ್ಕೇ ಅದುರೋದು. ಈ ಮಾತ್ರೆ ಅದನ್ನ ಇನ್ನೂ ಕೆಡಿಸುತ್ತೆ. ಇವತ್ತೇ ಪೇಸ್‌ಮೇಕರ್ ಇಡ್ಬೇಕು."

"ಮತ್ತೆ ಕತ್ತಿ ಹಿಡೀಬಹುದಾ ಸರ್?"

"ಮಾತ್ರೆ ನಿಂತ್ರೆ ಕೈನೂ ನಿಲ್ಲುತ್ತೆ."

"ಹಂಗಾದ್ರೆ ಮೊದಲ್ನೇ ಶೇವಿಂಗ್ ನಿಮ್ದೇ," ಎಂದು ಭೀಮರಾಜ ತೊದಲುತ್ತಲೇ ನಕ್ಕ.

ಅಷ್ಟರಲ್ಲಿ ಅವನ ಅಣ್ಣ ಮುನಿಯಣ್ಣ ಬಂದ. "ನಾಳೆ ಮಗಳ ನಿಶ್ಚಿತಾರ್ಥ ಮಡಿಕೊಂಡು ಇಂಗೆ ಮಲಗ್ತೀಯೇನೋ? ಅಪ್ಪ ಎಲ್ಲಿ ಅಂದ್ರೆ ಏನೇಳ್ಲಿ? ಒಂದಿನಕ್ಕೇನಾಯ್ತದೆ, ನಾಡಿದ್ದು ಸೇರ್ಸಾನ." ಜೀವಕ್ಕೆ ಅಪಾಯ ಎಂದ ಡಾಕ್ಟರಿಗೆ ಸಹಿ ಹಾಕಿಕೊಟ್ಟು ತಮ್ಮನನ್ನು ಎಬ್ಬಿಸಿಕೊಂಡು ಹೋದ. ಮಗಳು ಮೋನಿಷಾಳ ಮುಖ ನೆನೆದು ಭೀಮರಾಜನೂ ತಲೆಯಾಡಿಸಿದ.

ಮರುದಿನ ತಾಂಬೂಲದ ತಟ್ಟೆ ಕೈಗೆ ಬರುವಷ್ಟರಲ್ಲಿ ಬಿದ್ದ.

"ಹಾರ್ಟು ಕಣ್ರೀ, ಆಂಬುಲೆನ್ಸ್ ಕರೀರಿ," ಎಂದಳು ರಮಾ.

"ಸುಮ್ಕಿರಮ್ಮ, ಸಂಬಂಧ ಮುರಿದೋದಾತು," ಎಂದು ಮುನಿಯಣ್ಣ ಹಲ್ಲು ಕಚ್ಚಿದ. ಬೀಗರತ್ತ ತಿರುಗಿ, "ಏನಿಲ್ಲ, ತಲೆ ಸುತ್ತಷ್ಟೇ, ಈಗ ಎದ್ದೇಳ್ತಾನೆ," ಎಂದು ತನ್ನ ಕಾರಿನ ಬೀಗದ ಕೈಯನ್ನು ತಮ್ಮನ ಮುಷ್ಟಿಗೆ ಒತ್ತಿದ. ರಮಾ ಫೋನು ಹುಡುಕಿ ಆಂಬುಲೆನ್ಸಿಗೆ ಹೇಳುವವರೆಗೂ ಅಷ್ಟು ಜನ ಸುತ್ತ ನಿಂತು, ಕಬ್ಬಿಣ ಕೆಲಸ ಮಾಡಲೆಂದು ಕಾದರು.

ಆಂಬುಲೆನ್ಸಿನವರು ನೋಡಿ ತಲೆಯಾಡಿಸಿ ಹೋದರು. ಹೆಣದ ಪಕ್ಕ ಕೂತಿದ್ದ ರಮಾಳ ಕಿವಿಯ ಬಳಿ ಮುನಿಯಣ್ಣ ಬಗ್ಗಿದ. "ನನ್ ಕಾರ್ ಕೀ ಅವನ ಕೈಲೈತೆ. ಬೀಗರನ್ನ ಜಾಲಹಳ್ಳಿಗೆ ಬಿಟ್‌ಬರ್ಬೇಕು."

ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವು ಈಗ ನಡುಗುತ್ತಿರಲಿಲ್ಲ. ಬೀಗದ ಕೈಯನ್ನು ಭಾವನ ಚಪ್ಪಲಿಯ ಬಳಿಗೆ ಎಸೆದು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು.