ತವರಿನ ಹೆಸರಿನ ಹಳ್ಳ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸಿನ ಕಿಟಕಿಯಲ್ಲಿ ಇವತ್ತು ನಮ್ಮ ಹಳ್ಳದ ಸೇತುವೆಯ ಬಳಿ ಹೊಸ ಬೋರ್ಡು ಕಂಡಿತು: ಮುಲ್ಲಾಮಾರಿ ನದಿ. ನದಿಯಂತೆ! ಪಕ್ಕದಲ್ಲಿದ್ದ ಅತ್ತಿಯ, ಅಂದರೆ ಅಪ್ಪನ ಅಕ್ಕನ, ತೋಳು ಹಿಡಿದು ಅಲುಗಿಸಿಬಿಟ್ಟೆ.

ನಮ್ಮ ಕಡೆ ನೀರು ಯಾವ ಊರಿನಿಂದ ಹರಿದು ಬರುತ್ತದೋ ಆ ಊರಿನ ಹೆಸರೇ ಹಳ್ಳಕ್ಕೆ. ನಮ್ಮ ಹಳ್ಳಕ್ಕೆ ಮೇಲಿನ ಊರಿನ ಹೆಸರು. ಅತ್ತಿ ಮದುವೆಯಾಗಿ ಹೋದ ಕೆಳಗಿನ ಊರಲ್ಲಿ ಹಳ್ಳಕ್ಕೆ ನಮ್ಮೂರಿನ ಹೆಸರು. ಅವು ಎರಡು ಬೇರೆ ಬೇರೆ ಹಳ್ಳ ಎಂದು ಚಿಕ್ಕವಳಿದ್ದಾಗ ಒಮ್ಮೆ ನಾನು ಅಜ್ಜಿಯೊಂದಿಗೆ ವಾದಕ್ಕೆ ನಿಂತಿದ್ದೆ.

ಹಳ್ಳದ ದಂಡೆಯಲ್ಲಿ ಕೌದಿ ಒಗೆಯುತ್ತಿದ್ದ ಅಜ್ಜಿ, ಅತ್ತಿ ತಂದುಕೊಟ್ಟಿದ್ದ ನನ್ನ ಕೆಂಪು ರಿಬ್ಬನ್ನು ಬಿಚ್ಚಿ, ಈಜು ಕಲಿಯಲು ಇಟ್ಟಿದ್ದ ಒಣ ಸೋರೆಬುರುಡೆಗೆ ಕಟ್ಟಿ ನೀರಿಗೆ ಬಿಟ್ಟಳು. "ನಿಮ್ಮತ್ತಿ ಊರಿಗಿ ಹೋಗ್ತದ ನೋಡು!" ರಿಬ್ಬನ್ನು ಹೋದದ್ದಕ್ಕೆ ಅಳು, ಬುರುಡೆ ಓಡಿದ್ದಕ್ಕೆ ಕೇಕೆ, ಎರಡೂ ಒಟ್ಟಿಗೆ!

ಮರುದಿನ ಮಧ್ಯಾಹ್ನ ಅತ್ತಿ ಬುರುಡೆಯನ್ನು ಕಂಕುಳಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಬಂದೇಬಿಟ್ಟಳು. "ಅವ್ವಾ, ಯಾಕ ಕರೆದಿ?"

ಅಜ್ಜಿ ಒಂದು ಗಳಿಗೆ ಮಗಳ ಮುಖವನ್ನೇ ನೋಡಿದಳು. "ಸುಮ್ನ ಕರೆದೆ. ಕುಂದ್ರು, ರೊಟ್ಟಿ ಮಾಡ್ತೀನಿ."

ಈಗ ಬಸ್ಸಿನಲ್ಲಿ ಅತ್ತಿ, "ಬೋರ್ಡಿನ್ಯಾಗ ಏನ್ ಬರದಾರ?" ಎಂದಳು. ಓದಿ ಹೇಳಿದೆ.

"ಬರೀಲಿ ಬಿಡವ್ವ," ಎಂದು ನೀರು ಬರುವ ದಿಕ್ಕಿಗೆ ತಿರುಗಿದಳು. "ನನಗ ಅದು ತವರಿನ ಹಳ್ಳ."